ಗಚ್ಚಿಯ ಮೇಲಿನ ಏಟು

ನಾಗಣಸೂರದ ನಂದಾ ಮಗಳಿಗೆ ಹೊಡೆಯುತ್ತಾಳೆ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದನ್ನು ಆಕೆ ಎಂದೂ ಮುಚ್ಚಿಟ್ಟವಳಲ್ಲ. ಕುರಿಹಟ್ಟಿಯ ಬಾಗಿಲು ಹಾಕದೆ ಬಂದರೆ ಬೆನ್ನಿಗೊಂದು ಏಟು, ಸಾಲೆ ತಪ್ಪಿಸಿದರೆ ಒಂದು, ಎದುರು ಮಾತಾಡಿದರೆ ಮತ್ತೊಂದು. ಹೊಡೆದ ಗಳಿಗೆಯಲ್ಲೇ ಸಿಟ್ಟು ಇಳಿದುಹೋಗುತ್ತಿತ್ತು. ಆಮೇಲೆ ಅದೇ ಕೈಯಿಂದ ಬಿಸಿ ರೊಟ್ಟಿ ಮುರಿದು, ಶೇಂಗಾ ಹಿಂಡಿ ಹಚ್ಚಿ, ಅಳುವ ಬಾಯಿಗೆ ತುತ್ತಿಡುತ್ತಿದ್ದಳು. ಅವಳ ಅವ್ವನೂ ಹಾಗೆಯೇ ಮಾಡಿದ್ದಳು. ಮಕ್ಕಳನ್ನು ಬೆಳೆಸಲು ಬೇರೆ ದಾರಿ ಇದೆಯೆಂದು ನಂದಾಗೆ ಯಾರೂ ಹೇಳಿರಲಿಲ್ಲ.

ಮಗಳು ಸಾರಿಕಾಗೆ ಹದಿನಾಲ್ಕು. ಒಂದು ದಿನ ಆಕೆ ಅಪ್ಪನ ಮೊಬೈಲಿನಲ್ಲಿ ಅವ್ವನ ಬೈಗುಳವನ್ನು ಗುಟ್ಟಾಗಿ ಹಿಡಿದಳು. ಕಂಕುಳಲ್ಲಿ ಕುರಿಮರಿ ಅವುಚಿಕೊಂಡು, ಕೈಯಲ್ಲಿ ಕಸಬರಿಗೆ ಹಿಡಿದು, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ನಂದಾ ಮಗಳನ್ನು ಜಾಲಾಡುವ ಆ ವಿಡಿಯೋ ಅಕ್ಕಲಕೋಟ ದಾಟಿ, ಸೋಲಾಪುರ ದಾಟಿ, ಮುಂಬೈಯ ಒಂದು ಮರಾಠಿ ಚಾನೆಲ್ಲಿನವರ ಕಣ್ಣಿಗೆ ಬಿತ್ತು. ಅವರು ‘ಪಾಹುಣೀ ಆಯಿ’ ಎಂಬ ಕಾರ್ಯಕ್ರಮ ಮಾಡುತ್ತಿದ್ದರು. ಅತಿಥಿಯಾಗಿ ಬಂದ ತಾಯಿ ಎಂದು ಅರ್ಥ. ಎರಡು ಮನೆಯ ತಾಯಂದಿರು ಒಂದು ವಾರ ಅದಲುಬದಲಾಗಬೇಕು. ಮೊದಲು ಆ ಮನೆಯ ರೀತಿಯಲ್ಲಿ ನಡೆಯಬೇಕು, ಆಮೇಲೆ ತಮ್ಮ ರೀತಿಯಲ್ಲಿ ಆ ಮನೆಯನ್ನು ನಡೆಸಬೇಕು. ಕೊನೆಗೆ ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡಿಸುತ್ತಾರೆ.

ನಂದಾಳ ಗಂಡ ಸಿದ್ದಣ್ಣ ನಕ್ಕುಬಿಟ್ಟ. “ನಮ್ಮ ಮನ್ಯಾಗ ಏನೈತಿ ತೋರಸಾಕ? ಕುರಿ ಮತ್ತ ಕುರಿ ಹಿಕ್ಕಿ.”

ಆದರೆ ಸಾರಿಕಾ ಬಿಡಲಿಲ್ಲ. “ಅವ್ವಾ, ಒಮ್ಮಿ ಹೂಂ ಅನ್ನ. ನಮ್ಮ ಸಾಲ್ಯಾಗ ಎಲ್ಲಾರೂ ನೋಡ್ತಾರ. ನನಗ ಬ್ಯಾರೆ ಏನೂ ಬ್ಯಾಡ.”

ಮಗಳು ಹಾಗೆ ಗಲ್ಲ ಹಿಡಿದು ಕೇಳಿದ್ದು ಎಷ್ಟೋ ವರ್ಷದ ಮೇಲೆ. ನಂದಾ ಹೂಂ ಅಂದಳು.

ಸೋಲಾಪುರದ ಮನೆ ನಾಲ್ಕನೇ ಮಹಡಿಯಲ್ಲಿತ್ತು. ಮನೆಯೊಡೆಯ ಯುವರಾಜನಿಗೆ ಟಾವೆಲ್ ನೇಯುವ ಕಾರ್ಖಾನೆ. ಬೆಳಿಗ್ಗೆ ಹೋದರೆ ರಾತ್ರಿಯೇ ಬರುವವನು, ಈಗ ಕ್ಯಾಮೆರಾಕ್ಕಾಗಿ ಮನೆಯಲ್ಲೇ ಇದ್ದ. ಅವನ ಹೆಂಡತಿ ಮನೀಷಾ ನಂದಾ ಬರುವ ಮೊದಲೇ ಜೀಪು ಹತ್ತಿ ನಾಗಣಸೂರಕ್ಕೆ ಹೋಗಿದ್ದಳು. ಗೋಡೆಯ ಮೇಲಿದ್ದ ಫೋಟೋದಲ್ಲಷ್ಟೇ ನಂದಾ ಅವಳನ್ನು ಕಂಡಳು. ನೆಟ್ಟಗೆ ನಿಂತ, ತುಟಿ ಬಿಗಿಹಿಡಿದ ಚೆಲುವೆ. ಫೋಟೋದ ಪಕ್ಕದಲ್ಲಿ ಮಗಳ ದಿನಚರಿಯ ಹಾಳೆ ಅಂಟಿಸಿತ್ತು. ಏಳುವುದು, ಓದುವುದು, ಹಾಲು ಕುಡಿಯುವುದು, ಟ್ಯೂಶನ್ ಕ್ಲಾಸಿಗೆ ಹೋಗುವುದು, ಮತ್ತೆ ಓದುವುದು.

ಮಗಳು ಶ್ರದ್ಧಾ, ಹನ್ನೆರಡರ ಹುಡುಗಿ. ಸಣಕಲು ಮೈ, ಮೂಗಿನಿಂದ ಜಾರುವ ಕನ್ನಡಕ. ತಂದೆತಾಯಿಯ ಹಾಗೆ ಆಕೆಗೂ ಕನ್ನಡ ಬರುತ್ತಿತ್ತು, ತೀರಿಹೋದ ಅಜ್ಜಿಯಿಂದ ಕಲಿತದ್ದು, ಓದಲು ಬರುತ್ತಿರಲಿಲ್ಲ. ಗಡಿಯಾರ ಕೂಗುವ ಮೊದಲೇ ಎದ್ದು ಕೂರುತ್ತಿದ್ದಳು. ತಟ್ಟೆ ತಾನೇ ತೊಳೆಯುತ್ತಿದ್ದಳು. ಕರೆದರೆ ಒಂದೇ ಕೂಗಿಗೆ ಬರುತ್ತಿದ್ದಳು.

ನಂದಾ ಕ್ಯಾಮೆರಾದೆದುರು ಹೇಳಿದಳು: “ಇಂಥಾ ಕೂಸ ನಾ ಎಲ್ಲೂ ನೋಡಿಲ್ರಿ. ಹೊಡೀಬೇಕಂದ್ರ ಕಾರಣಾನೇ ಸಿಗವಲ್ದು.”

ಮುಂಬೈಯಿಂದ ಬಂದಿದ್ದ ಡೈರೆಕ್ಟರ್ ಬಾಯಿ, ಮೂವತ್ತರ ಒಳಗಿನ ಚುರುಕು ಹೆಣ್ಣು, ಬಿದ್ದು ಬಿದ್ದು ನಕ್ಕಳು. ನೀವು ಮಗಳನ್ನು ಹೊಡೆಯುತ್ತೀರಾ ಎಂದು ಇನ್ನೊಮ್ಮೆ ಕೇಳಿ, ಇನ್ನೊಮ್ಮೆ ಹೇಳಿಸಿದಳು. “ಹೊಡೀತೀನ್ರಿ. ಹೊಡೀತೀನಿ, ಮತ್ತ ಉಣಸ್ತೀನಿ,” ಅಂದಳು ನಂದಾ. ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವಳಿಗೆ ಹೊಳೆಯಲಿಲ್ಲ.

ಒಂದು ಮಾತ್ರ ಅವಳಿಗೆ ತಿಳಿಯಲಿಲ್ಲ. ಅಕ್ಕಿ ಆರಿಸುತ್ತ ತನ್ನಷ್ಟಕ್ಕೆ ಸುಮ್ಮನೆ ಕೂತರೆ ಸಾಕು, ಹುಡುಗಿ ಪುಸ್ತಕ ಬಿಟ್ಟು ಬಂದು ನಿಲ್ಲುತ್ತಿದ್ದಳು.

“ಮಾವಶೀ, ನೀವು ನನ್ನ ಮ್ಯಾಲ ಸಿಟ್ಟಾಗೀರೇನು?”

“ಇಲ್ಲವಾ. ಸಿಟ್ಟ್ಯಾಕ ಆಗ್ಲಿ? ಅಕ್ಕ್ಯಾಗಿನ ಹರಳ ಆರಸಾಕತ್ತೀನಿ.”

ಒಲೆಯೆದುರು ಸುಮ್ಮನಾದರೂ ಅದೇ ಪ್ರಶ್ನೆ, ಬಟ್ಟೆ ಮಡಿಸುವಾಗಲೂ ಅದೇ. ಒಂದು ಮಧ್ಯಾಹ್ನ ಕ್ಯಾಮೆರಾದವರು ಊಟಕ್ಕೆ ಕೆಳಗೆ ಹೋಗಿದ್ದಾಗ ನಂದಾ ಹುಡುಗಿಯನ್ನು ತೊಡೆಯ ಹತ್ತಿರ ಎಳೆದು ಕೂರಿಸಿಕೊಂಡಳು. “ನಿಮ್ಮವ್ವ ಭಾಳ ಹೊಡೀತಾಳೇನವಾ?”

ಶ್ರದ್ಧಾ ಗಾಬರಿಯಾದಳು. “ಇಲ್ಲ! ಆಯಿ ಒಮ್ಮೆನೂ ಹೊಡದಿಲ್ಲ. ಬೈದೂ ಇಲ್ಲ.” ಆಮೇಲೆ ಮೆಲ್ಲಗೆ, “ಆಯಿ ಅಬೋಲಾ ಹಿಡೀತಾಳ,” ಅಂದಳು.

ಅಬೋಲಾ ಎಂದರೆ ಮಾತು ಬಿಡುವುದು. ನಂದಾಗೆ ಆ ಶಬ್ದ ಗೊತ್ತಿತ್ತು. ನಾಗಣಸೂರದಲ್ಲಿ ಬದುವಿಗಾಗಿ ಜಗಳಾಡಿದ ಅಣ್ಣತಮ್ಮಂದಿರು ಅಬೋಲಾ ಹಿಡಿಯುತ್ತಿದ್ದರು, ನೆಗೆಣ್ಣಿಯರು ಹಿಡಿಯುತ್ತಿದ್ದರು. ಹಡೆದ ಕೂಸಿನ ಮೇಲೆ ಅದನ್ನು ಹಿಡಿಯಬಹುದೆಂದು ಅವಳು ಕೇಳಿರಲಿಲ್ಲ.

“ಎಷ್ಟ ಹೊತ್ತ ಹಿಡೀತಾಳ?”

“ಮಾರ್ಕ್ಸ ಮತ್ತ ಬರೂತನಾ. ಹೋದ ವರ್ಷ ಗಣಪತಿ ಕುಂತಾಗ ಹಿಡದಿದ್ದಳು, ದಿವಾಳಿಗೆ ಬಿಟ್ಟಳು.” ಹುಡುಗಿ ಕನ್ನಡಕ ಮೇಲೇರಿಸಿಕೊಂಡಳು. “ಊಟಾ ಎಲ್ಲಾ ಹಾಕ್ತಾಳ್ರಿ. ತಾಟ ಮುಂದ ಇಡ್ತಾಳ. ನೋಡೂದಿಲ್ಲ ಅಷ್ಟ.”

ನಂದಾ ಎಣ್ಣೆಯ ಬಟ್ಟಲು ತಂದಳು. ಹುಡುಗಿಯ ಜಡೆ ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ಹೆಣೆದಳು. ಅಷ್ಟು ಹೊತ್ತೂ ಬಾಯಿ ಮುಚ್ಚದೆ ಕುರಿಗಳ ಸುದ್ದಿ ಹೇಳಿದಳು.

ತನ್ನ ಪಾಳಿ ಬಂದಾಗ ನಂದಾ ಗೋಡೆಯ ಹಾಳೆ ಕಿತ್ತು ಮಡಿಚಿಟ್ಟಳು. ಹುಡುಗಿಯನ್ನು ಬಿಸಿಲೇರುವ ತನಕ ಮಲಗಲು ಬಿಟ್ಟಳು. ಜೋಳದ ಹಿಟ್ಟು ಕೊಟ್ಟು ರೊಟ್ಟಿ ಬಡಿಯಲು ಕೂರಿಸಿದಳು. ಶ್ರದ್ಧಾಳ ರೊಟ್ಟಿ ಮೂಲೆಮೂಲೆ ಹರಿದುಹೋದಾಗ ಇಬ್ಬರೂ ನಕ್ಕರು. ಕ್ಯಾಮೆರಾ ಅದನ್ನೂ ಹಿಡಿಯಿತು. ಟಿವಿಯಲ್ಲಿ ಅದು ಬರಲಿಲ್ಲ.

ಮರುದಿನ ಮಧ್ಯಾಹ್ನ ಕ್ಲಾಸಿನ ಪರೀಕ್ಷೆಯ ಅಂಕಗಳು ಯುವರಾಜನ ಮೊಬೈಲಿಗೆ ಬಂದವು. ಡೈರೆಕ್ಟರ್ ಬಾಯಿ ಅದನ್ನು ಕ್ಯಾಮೆರಾದೆದುರು, ಮಗಳನ್ನು ನಿಲ್ಲಿಸಿಕೊಂಡು ಓದಲು ಹೇಳಿದಳು. ಯುವರಾಜ ಓದಿದ. ಯಾವಾಗಲೂ ಮೊದಲ ಐವರಲ್ಲಿ ಇರುತ್ತಿದ್ದ ಶ್ರದ್ಧಾಳ ಹೆಸರು ಬಹಳ ಕೆಳಗಿತ್ತು.

“ಈಗ ಏನು ಮಾಡುತ್ತೀರಿ?” ಎಂದು ಡೈರೆಕ್ಟರ್ ಬಾಯಿ ಮರಾಠಿಯಲ್ಲಿ ನಂದಾಳನ್ನು ಕೇಳಿದಳು. ಏಟಿಗಾಗಿ ಕಾಯುತ್ತಿದ್ದಾಳೆಂಬುದು ಅವಳ ಮುಖದಲ್ಲೇ ಇತ್ತು.

“ಏನ ಮಾಡೂದ್ರಿ? ಊಟಾ ಮಾಡಸ್ತೀನಿ,” ಅಂದಳು ನಂದಾ.

ಲೈಟುಗಳನ್ನು ಆಚೀಚೆ ಸರಿಸುವ ಗದ್ದಲ ಶುರುವಾಯಿತು. ನಂದಾ ತಾಟು ಬಡಿಸಿ ಕರೆದಳು. ಒಂದೇ ಕೂಗಿಗೆ ಬರುವ ಹುಡುಗಿ ಬರಲಿಲ್ಲ. ಮಲಗುವ ಕೋಣೆಯಲ್ಲಿ ಇರಲಿಲ್ಲ, ಬಚ್ಚಲಲ್ಲಿ ಇರಲಿಲ್ಲ. ಹೊರಬಾಗಿಲು ಅರ್ಧ ತೆರೆದಿತ್ತು. ನಂದಾ ಸೀರೆ ಎತ್ತಿ ಕಟ್ಟಿ ಗಚ್ಚಿಗೆ, ಕಟ್ಟಡದ ಮೇಲಿನ ತಾರಸಿಗೆ, ಹೋಗುವ ಮೆಟ್ಟಿಲು ಹತ್ತಿದಳು. ಕ್ಯಾಮೆರಾದವನೊಬ್ಬ ಅಭ್ಯಾಸಬಲದಿಂದ ಅವಳ ಹಿಂದೆ ಓಡಿದ.

ಗಚ್ಚಿಯ ಕಟ್ಟೆಯ ಮೇಲೆ, ಕಾಲು ಹೊರಗೆ ಇಳಿಬಿಟ್ಟು, ಶ್ರದ್ಧಾ ಕೂತಿದ್ದಳು. ಕನ್ನಡಕ ತೆಗೆದು ಪಕ್ಕದಲ್ಲಿ ಜೋಪಾನವಾಗಿ ಇಟ್ಟಿದ್ದಳು.

ನಂದಾ ಕೂಗಲಿಲ್ಲ. ಬೆದರಿದ ಕುರಿಯ ಹತ್ತಿರ ಹೋಗುವ ಹಾಗೆ ಸಪ್ಪಳವಿಲ್ಲದೆ ಹೋಗಿ, ಎರಡೂ ಕೈ ಸೊಂಟಕ್ಕೆ ಹಾಕಿ, ಒಂದೇ ಜಗ್ಗಿಗೆ ಒಳಗೆ ಎಳೆದುಕೊಂಡಳು. ಇಬ್ಬರೂ ಕಾದ ನೆಲದ ಮೇಲೆ ಬಿದ್ದರು. ಆಮೇಲೆ ನಂದಾಳ ಕೈ ತಾನಾಗಿ ಎದ್ದಿತು. ಕೆನ್ನೆಗೆ ಒಂದು, ಇನ್ನೊಂದು. ಹೊಡೆದು, ಹುಡುಗಿಯನ್ನು ಎದೆಗೆ ಒತ್ತಿ ಹಿಡಿದು, ಹೋ ಎಂದು ಅತ್ತಳು.

“ಯಾಕವಾ? ಯಾಕ ನನ್ನವ್ವ?”

“ಆಯಿ ಬರ್ತಾಳಲ್ಲ,” ಅಂದಳು ಶ್ರದ್ಧಾ, ಅಳದೆ. “ಆಯಿ ಬಂದಮ್ಯಾಲ ಮತ್ತ…”

ಹಿಂದೆಯೇ ಓಡಿಬಂದಿದ್ದ ಯುವರಾಜನ ಮುಖ ಸುಣ್ಣದಂತಾಗಿತ್ತು. ಇದನ್ನು ತೋರಿಸಬೇಡಿ ಎಂದು ಅವನು ಡೈರೆಕ್ಟರ್ ಬಾಯಿಗೆ ಕೈಮುಗಿದ, ಅವಳು ಮುಂಬೈಗೆ ಫೋನ್ ಹಚ್ಚಿದಳು. ಬಹಳ ಹೊತ್ತು ಮಾತಾಡಿ ಬಂದು, ಕೂಸು ಕಟ್ಟೆಯ ಮೇಲೆ ಕೂತದ್ದನ್ನು ತೋರಿಸುವುದಿಲ್ಲ, ಹಾಗೆ ತೋರಿಸಲು ಕಾಯ್ದೆಯೂ ಬಿಡುವುದಿಲ್ಲ ಅಂದಳು. ಯುವರಾಜ ನಂದಾಳ ಕಡೆ ತಿರುಗಿದ.

“ಅಕ್ಕಾ, ಹೆಣ್ಣುಕೂಸು. ಮಂದಿ ನಾಳಿಗಿ ಹುಚ್ಚಿ ಅಂತಾರ. ಯಾರ ಮುಂದೂ ಆಡಬ್ಯಾಡ್ರಿ.”

“ಮಂದಿಗಿ ನಾ ಯಾಕ ಹೇಳ್ಲಿ? ಮನೀಷಾ ಬಾಯಾರಿಗಿ ಹೇಳ್ರಿ ಅಣ್ಣಾ. ಹಡದಾಕಿಗಿ ಗೊತ್ತಾಗಬೇಕು.”

“ನಾನೇ ಹೇಳ್ತೀನಿ. ಸಾವಕಾಶ ಹೇಳ್ತೀನಿ. ಒಮ್ಮಿಂದೊಮ್ಮಿ ಹೇಳಿದ್ರ ಆಕಿ ತಡಕೊಳ್ಳೂದಿಲ್ಲ.”

ಶ್ರದ್ಧಾ ಸೆರಗು ಹಿಡಿದು ಜಗ್ಗುತ್ತಿದ್ದಳು. “ಆಯಿಗೆ ಹೇಳಬ್ಯಾಡ್ರಿ ಮಾವಶೀ. ನನ್ನ ಆಣಿ.” ಕೂಸಿನ ಆ ಮುಖ ನೋಡಲಾರದೆ ನಂದಾ ಆಕೆಯ ನೆತ್ತಿಯ ಮೇಲೆ ಕೈಯಿಟ್ಟು, ನಮ್ಮ ಕುಲದೇವರು ಬೀರೋಬಾನ ಆಣೆ, ನನ್ನ ಬಾಯಿಂದ ಹೊರಗೆ ಬೀಳುವುದಿಲ್ಲ ಅಂದಳು.

ಎದುರುಬದುರು ಕೂರಿಸುವ ಶೂಟಿಂಗು ಅಕ್ಕಲಕೋಟದ ಒಂದು ಲಾಜಿನ ಹಾಲಿನಲ್ಲಿ ನಡೆಯಿತು. ಒಂದು ಸೋಫಾದಲ್ಲಿ ನಂದಾ, ಸಿದ್ದಣ್ಣ, ಸಾರಿಕಾ. ಎದುರು ಸೋಫಾದಲ್ಲಿ ಮನೀಷಾ, ಯುವರಾಜ, ಶ್ರದ್ಧಾ. ಒಂದು ವಾರದಲ್ಲಿ ಸಾರಿಕಾ ಬೇರೆಯವಳಾಗಿ ಕಂಡಳು. ಕೂದಲು ಹಿಂದಕ್ಕೆ ಬಾಚಿದ್ದಳು, ಬೆನ್ನು ನೆಟ್ಟಗೆ ಮಾಡಿದ್ದಳು.

“ಮನೀಷಾ ಕಾಕು ಒಮ್ಮೆನೂ ಕೈ ಎತ್ತಲಿಲ್ಲ,” ಎಂದು ಕ್ಯಾಮೆರಾಕ್ಕೆ ಹೇಳಿದಳು. “ಒಂದಿನ ಗಣಿತ ಮುಗಸಲಿಲ್ಲ ಅಂತ ದಿನಪೂರ್ತಿ ನನ್ನ ಕೂಡ ಮಾತಾಡಲಿಲ್ಲ. ನಾನೇ ಕುಂತು ಮುಗಸಿದೆ. ಹಂಗ ಕಲಸಬೇಕು.”

ನಂದಾ ಯುವರಾಜನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ.

ಆಗ ಪರದೆಯ ಮೇಲೆ ಚಿತ್ರ ಬಂತು. ಗಚ್ಚಿ, ಬಿಸಿಲು, ನೆಲದ ಮೇಲೆ ಕೂತ ಶ್ರದ್ಧಾ, ನಂದಾಳ ಎತ್ತಿದ ಕೈ. ಒಂದು ಏಟು, ಇನ್ನೊಂದು. ಅಷ್ಟಕ್ಕೇ ನಿಂತಿತು. ತೋರಿಸುವುದಿಲ್ಲ ಎಂದರೆ ಎಲ್ಲವನ್ನೂ ಬಿಡುತ್ತಾರೆಂದು ನಂದಾ ತಿಳಿದಿದ್ದಳು. ಅವರು ಬಿಟ್ಟದ್ದು ಏಟಿನ ಹಿಂದಿನದನ್ನು ಮತ್ತು ಮುಂದಿನದನ್ನು ಮಾತ್ರ.

ಮನೀಷಾ ಎದ್ದು ನಿಂತಳು. ಅವಳ ದನಿ ಏರಲಿಲ್ಲ. “ಹನ್ನೆರಡ ವರ್ಷ ನಾ ಒಂದ ಬೆರಳ ಹಚ್ಚಿಲ್ಲ ನನ್ನ ಮಗಳಿಗೆ. ನೀವು ಯಾರು? ಮಾರ್ಕ್ಸ ಕಮ್ಮಿ ಬಂದೂ ಅಂತ ಹೊಡದ್ರೇನು?”

ಹಾಲಿನಲ್ಲಿ ಎಲ್ಲರೂ ನಂದಾಳತ್ತ ನೋಡಿದರು. ಶ್ರದ್ಧಾ ಅಪ್ಪನ ಬೆನ್ನ ಹಿಂದೆ ಸರಿದಿದ್ದಳು. ಆಕೆಯ ಕಣ್ಣು ಮಾತ್ರ ಕಾಣುತ್ತಿತ್ತು.

“ಹೌದ್ರಿ,” ಅಂದಳು ನಂದಾ. “ಹೊಡದೀನಿ.”

“ಯಾಕ?”

“ಕೈ ಎದ್ದೂ ಬಿಡ್ತು.”

ಕಾರ್ಯಕ್ರಮ ಟಿವಿಯಲ್ಲಿ ಬಂದ ಮೇಲೆ ಆದದ್ದನ್ನು ಬಹಳ ಹೇಳಬೇಕಾಗಿಲ್ಲ. ‘ಹೊಡೀತೀನಿ, ಮತ್ತ ಉಣಸ್ತೀನಿ’ ಎಂಬ ಮಾತನ್ನೂ ಗಚ್ಚಿಯ ಏಟನ್ನೂ ಜೋಡಿಸಿದ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಗುರುತಿಲ್ಲದವರು ಫೋನ್ ಮಾಡಿ ಬಾಯಿಗೆ ಬಂದಂತೆ ಬೈದರು. ಅಕ್ಕಲಕೋಟದ ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವಾಗ ಹೆಂಗಸರು ತಮ್ಮ ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಂಡರು. ಯಾರೋ ದೂರು ಕೊಟ್ಟರೆಂದು ಸೋಲಾಪುರದಿಂದ ಮಕ್ಕಳ ರಕ್ಷಣೆಯ ಇಬ್ಬರು ಅಧಿಕಾರಿಗಳು ಮನೆಗೆ ಬಂದು, ನಿನ್ನವ್ವ ನಿನ್ನನ್ನು ಹೊಡೆಯುತ್ತಾಳೆಯೇ ಎಂದು ಸಾರಿಕಾಳನ್ನು ಕೇಳಿದರು. ಸಾರಿಕಾ ಹೌದು ಅಂದಳು. ಅದು ಸುಳ್ಳಾಗಿರಲಿಲ್ಲ. ಅವರು ನಂದಾಗೆ ಬುದ್ಧಿ ಹೇಳಿ, ಇನ್ನೊಮ್ಮೆ ಹೊಡೆದರೆ ಕೇಸಾಗುತ್ತದೆಂದು ಹೇಳಿ ಹೋದರು. ಆ ವಾರವೇ ಸಾರಿಕಾ ಬಟ್ಟೆ ಕಟ್ಟಿಕೊಂಡು ಅಕ್ಕಲಕೋಟದಲ್ಲಿದ್ದ ಸೋದರಮಾವನ ಮನೆಗೆ ಹೊರಟುಬಿಟ್ಟಳು. ಅಲ್ಲಿಂದಲೇ ಸಾಲೆಗೆ ಹೋಗುತ್ತೇನೆ ಅಂದಳು.

“ಬ್ಯಾರೆಯವರ ಕೂಸಿನ ಮ್ಯಾಲ ಕೈ ಎತ್ತಬಾರದಿತ್ತ ನೀ,” ಅಂದ ಸಿದ್ದಣ್ಣ. ಅವನಿಗೂ ನಂದಾ ಏನೂ ಹೇಳಲಿಲ್ಲ.

ಆದರೆ ಟಿವಿಯಲ್ಲಿ ಕಂಡ ಇನ್ನೊಂದು ಅವಳನ್ನು ಮಲಗಗೊಡಲಿಲ್ಲ. ಕಾರ್ಯಕ್ರಮದ ಕೊನೆಯಲ್ಲಿ ಮನೀಷಾ ತನ್ನ ಮನೆಯಲ್ಲಿ ಕೂತು ನಗುತ್ತ ಹೇಳಿದ್ದಳು, ಹೋದ ಅಂಕಗಳನ್ನು ನಾವು ಮತ್ತೆ ಗಳಿಸುತ್ತೇವೆ, ನನಗೆ ಏನು ಬೇಕೆಂದು ನನ್ನ ಮಗಳಿಗೆ ಹೇಳದೆಯೇ ತಿಳಿಯುತ್ತದೆ ಎಂದು. ಪಕ್ಕದಲ್ಲಿ ಶ್ರದ್ಧಾ ಇದ್ದಳು. ಗೋಡೆಯ ಮೇಲೆ ಹಾಳೆ ಮತ್ತೆ ಅಂಟಿತ್ತು. ಯುವರಾಜ ಹೇಳಿಲ್ಲ, ಹೇಳುವುದೂ ಇಲ್ಲ ಎಂದು ನಂದಾಗೆ ಖಾತ್ರಿಯಾಯಿತು. ಬೀರೋಬಾನೆದುರು ಭಂಡಾರದ ಅರಿಶಿನ ಸುರಿದು, ಆಣೆ ಮುರಿಯುತ್ತೇನೆ, ಕೇಡು ಬಂದರೆ ನನಗೆ ಬರಲಿ ಎಂದು ಬೇಡಿಕೊಂಡು, ಅವಳು ಸೋಲಾಪುರದ ಬಸ್ಸು ಹತ್ತಿದಳು.

ಬಾಗಿಲು ತೆರೆದವಳು ಮನೀಷಾ. ಒಳಗೆ ಕರೆಯಲಿಲ್ಲ. ನಂದಾ ಹೊಸ್ತಿಲಾಚೆ ನಿಂತೇ ಎಲ್ಲ ಹೇಳಿದಳು. ಕಟ್ಟೆ, ಕನ್ನಡಕ, ಹುಡುಗಿ ಆಡಿದ ಮಾತು.  ಮನೀಷಾಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಟಿವಿದಾಗ ಮಾನ ಹೋತಂತ ಈಗ ನನ್ನ ಮಗಳ ಮ್ಯಾಲ ಹಾಕಾಕ ಬಂದೀರಿ?”

“ಅಣ್ಣಾರನ್ನ ಕೇಳ್ರಿ ಬಾಯಾರ.”

“ಅವರು ಕಾರ್ಖಾನೆಗೆ ಹೋಗ್ಯಾರ. ಅವರ್ಯಾಕ ಬೇಕು?” ಮನೀಷಾ ಒಳಗೆ ತಿರುಗಿ ಕರೆದಳು. ಶ್ರದ್ಧಾ ಒಂದೇ ಕೂಗಿಗೆ ಬಂದಳು. ಇನ್ನೂ ಸಣ್ಣಗಾಗಿದ್ದಳು. “ಈ ಬಾಯಿ ಏನೋ ಹೇಳಾಕತ್ತಾರ. ನೀ ಗಚ್ಚಿ ಕಟ್ಟಿ ಮ್ಯಾಲ ಕುಂತಿದ್ದಿ ಅಂತ. ಖರೇ ಏನು?”

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ತನ್ನ ಕೂಡ ಮಾತಾಡಿದ್ದೇ ದೊಡ್ಡದು ಎಂಬಂತೆ ಆ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಮರಾಠಿಯಲ್ಲಿ ಒಂದೇ ಶಬ್ದ ಹೇಳಿದಳು: “ನಾಹೀ.”

ಇಲ್ಲ. ನಂದಾ ಅವಳನ್ನು ಸುಳ್ಳಿ ಅನ್ನಲಿಲ್ಲ. ಅನ್ನುವ ಮನಸ್ಸೂ ಆಗಲಿಲ್ಲ. ಮುಚ್ಚುತ್ತಿದ್ದ ಬಾಗಿಲಿಗೆ ಕೈ ಅಡ್ಡ ಇಟ್ಟು, “ಬಾಯಾರ, ನನ್ನ ಮಾತು ನಂಬಬ್ಯಾಡ್ರಿ, ಬಿಡ್ರಿ. ಆದ್ರ ಆಕಿ ಕೂಡ ಮಾತಾಡ್ರಿ. ಬೇಕಂದ್ರ ಬೈರಿ, ನನ್ನಂಗ ಒಂದ ಏಟ ಹಾಕ್ರಿ, ಆದ್ರ ಮಾತ ಬಿಡಬ್ಯಾಡ್ರಿ,” ಅಂದಳು. ಬಾಗಿಲು ಮುಚ್ಚಿತು.

ಕೆಳಗಿಳಿದವಳು ಕಟ್ಟಡದ ಕಾವಲುಗಾರನನ್ನು ಹುಡುಕಿ, ಗಚ್ಚಿಯ ಬಾಗಿಲಿಗೆ ಕೀಲಿ ಹಾಕಪ್ಪಾ ಎಂದು ಕೇಳಿಕೊಂಡಳು. ಅವನು ಅವಳ ಮುಖ ಗುರುತಿಸಿದ. ಟಿವಿಯ ಹೆಂಗಸು. ಅವಳೆದುರೇ ಮೊಬೈಲು ತೆಗೆದು ಫೋಟೋ ಹೊಡೆದುಕೊಂಡ. ಕೀಲಿ ಹಾಕಿದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಜೋಳ ತೆನೆ ಹಿಡಿಯುವ ಹೊತ್ತಿಗೆ ಮನೀಷಾಳ ಫೋನ್ ಬಂತು. 

“ನಂದಾಬಾಯಿ, ಶ್ರದ್ಧಾ ಕ್ಲಾಸಿನ ಕಟ್ಟಡದ ಮ್ಯಾಲಿಂದ ಬಿದ್ದಾಳ್ರಿ. ಮೊದಲನೇ ಮಾಳಿಗಿ. ಜೀವ ಐತಿ. ಕಾಲು, ಸೊಂಟ…” ಮಾತು ತುಂಡಾಯಿತು. “ಜಾರಿ ಬಿದ್ದಳು ಅಂತ ಕ್ಲಾಸಿನವರು ಅಂತಾರ. ನಾ ಇವರನ್ನ ಕೇಳಿದೆ. ಇವರು ಅತ್ತರು. ಆಮ್ಯಾಲ ಎಲ್ಲಾ ಹೇಳಿದರು.”

ನಂದಾ ಗೋಡೆಗೆ ಒರಗಿ ಕೂತಳು.

“ಶ್ರದ್ಧಾ ಯಾರ ಕೂಡಾನೂ ಮಾತಾಡವಲ್ಲಳು. ನನ್ನ ಕೂಡ ಅಲ್ಲ, ಡಾಕ್ಟರ ಕೂಡ ಅಲ್ಲ. ನೀವು ಬರ್ತೀರೇನು?”

ಸಿದ್ದಣ್ಣ ಕುರಿಗಳೊಂದಿಗೆ ಇಂಡಿ ತಾಲೂಕಿನ ಕಡೆ ಹೋಗಿದ್ದ. ನಂದಾ ಒಬ್ಬಳೇ ಹೊರಟು, ಬಸ್ಸು ಬದಲಿಸಲು ಅಕ್ಕಲಕೋಟದಲ್ಲಿ ಇಳಿದಾಗ, ನಿಲ್ದಾಣದಲ್ಲಿ ಸಾರಿಕಾ ಸಾಲೆಯ ಬಟ್ಟೆಯಲ್ಲೇ ನಿಂತಿದ್ದಳು. ಮನೀಷಾ ಕಾಕು ಅವಳಿಗೂ ಫೋನ್ ಮಾಡಿದ್ದಳು. ಅವಳಿಗೂ ಎಲ್ಲ ಹೇಳಿದ್ದಳು.

ಮಗಳು ಅವ್ವನ ಕೈಯಲ್ಲಿದ್ದ ಚೀಲ ತೆಗೆದುಕೊಂಡಳು. “ನೀ ಯಾಕ ಹೇಳಲಿಲ್ಲ?” ಎಂದು ಕೇಳಿದಳು.

“ಕೂಸು ಬ್ಯಾಡಂದಿತ್ತು.”

ಇಬ್ಬರೂ ಸೋಲಾಪುರದ ಬಸ್ಸು ಹತ್ತಿದರು.

ಖಾಸಗಿ ದವಾಖಾನೆಯ ಕೋಣೆಯಲ್ಲಿ ಶ್ರದ್ಧಾ ಮಲಗಿದ್ದಳು. ಸೊಂಟದಿಂದ ಕೆಳಗೆ ಪ್ಲಾಸ್ಟರು. ಹುಡುಗಿ ನಡೆದಾಳು, ಆದರೆ ಮೊದಲಿನ ಹಾಗೆ ಅಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಯುವರಾಜ ಹೊರಗಿನ ಬೆಂಚಿನ ಮೇಲೆ ತಲೆ ಬಗ್ಗಿಸಿ ಕೂತಿದ್ದ. ನಂದಾ ಅವನ ಮುಂದಿನಿಂದ ಹಾದುಹೋದಳು. 

ಮನೀಷಾ ಮಂಚದ ಪಕ್ಕದಲ್ಲಿ ನಿಂತು ಮಾತಾಡುತ್ತಲೇ ಇದ್ದಳು. ಎಳನೀರು ಕುಡೀತೀಯಾ ಬಾಳಾ, ಕಿಟಕಿ ತೆಗೀಲಾ, ಯಾರು ಬಂದಾರ ನೋಡು. ಎಷ್ಟೋ ವರ್ಷದ ಮಾತನ್ನು ಒಮ್ಮೆಲೇ ಸುರಿಯುವವಳ ಹಾಗೆ. ಹುಡುಗಿ ಗೋಡೆಯ ಕಡೆ ಮುಖ ಮಾಡಿದ್ದಳು.

“ನೀವು ಹ್ಯಾಂಗ ಮಾತಾಡಸಿದ್ರಿ ಆಕಿನ್ನ?” ಮನೀಷಾ ನಂದಾಳ ರಟ್ಟೆ ಹಿಡಿದಳು. “ನನಗ ಹೇಳ್ರಿ. ನಾ ಹಂಗ ಮಾಡ್ತೀನಿ. ನಿಮ್ಮ ಹೆಸರಿಗೆ ಬಂದದ್ದನ್ನ ನಾ ತೊಳೀತೀನಿ, ಚಾನೆಲ್ ಮುಂದ ಎಲ್ಲಾ ಹೇಳ್ತೀನಿ.”

“ಬ್ಯಾಡ್ರಿ ಬಾಯಾರ. ಕೂಸಿನ ಸುದ್ದಿ ಇನ್ನೊಮ್ಮಿ ಟಿವಿಗೆ ಒಯ್ಯಬ್ಯಾಡ್ರಿ.” ನಂದಾ ಕೈ ಬಿಡಿಸಿಕೊಳ್ಳಲಿಲ್ಲ. “ನಾ ಏನೂ ಮಾತಾಡಸಿಲ್ಲ. ಆಕಿನೇ ಹೇಳಿದಳು. ನಾ ಕೇಳಿದೆ ಅಷ್ಟ.”

ಸ್ಟೂಲು ಎಳೆದುಕೊಂಡು ಅವಳು ಮಂಚದ ಹತ್ತಿರ ಕೂತಳು. “ಶ್ರದ್ಧಾವ್ವಾ,” ಅಂದಳು. ಹುಡುಗಿ ತಿರುಗಿದಳು. ಕನ್ನಡಕವಿಲ್ಲದ ಕಣ್ಣುಗಳು ನಂದಾಳ ಮುಖದ ಮೇಲೆ ಸ್ವಲ್ಪ ಹೊತ್ತು ನಿಂತವು.  ಹುಡುಗಿ ಮತ್ತೆ ಗೋಡೆಯ ಕಡೆ ತಿರುಗಿದಳು.

ಮನೀಷಾ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದಳು. ನಂದಾ ಏಳಲಿಲ್ಲ. ಕುರಿಗಳ ಸುದ್ದಿ ಹೇಳಲು ಶುರುಮಾಡಿದಳು. ಯಾವುದು ಈದಿತು, ಯಾವುದು ಕುಂಟಿತು, ಯಾವುದು ತೊಗರಿ ಹೊಲಕ್ಕೆ ನುಗ್ಗಿ ಬೈಸಿಕೊಂಡಿತು. ಮುಗಿದಾಗ ಇನ್ನೊಂದು ಶುರುಮಾಡಿದಳು. ಬೆಳಕು ಕಿಟಕಿಯಿಂದ ಗೋಡೆಗೆ ಸರಿಯಿತು. ಹುಡುಗಿ ಮಲಗಿದ್ದಳೋ ಕೇಳುತ್ತಿದ್ದಳೋ ತಿಳಿಯುವಂತಿರಲಿಲ್ಲ.

ಸಾರಿಕಾ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. “ಅವ್ವಾ, ಬಸ್ ಹೋಗ್ತದ,” ಅಂದಳು.

“ಹೋಗ್ಲಿ,” ಅಂದಳು ನಂದಾ.

ಸಾರಿಕಾ ಚೀಲ ಕೆಳಗಿಟ್ಟು ಒಳಗೆ ಬಂದು ನೆಲದ ಮೇಲೆ ಕೂತಳು.